ತಲಪಾಡಿ ದಾಟುವ ಮೊದಲು

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಶಾಲೆಯಲ್ಲಿ ಪೋಷಕರ ಮುಂದೆ ಆಡಿದ ಮಾತು. ಅಲ್ಲಿ ಹೊತ್ತು ಸಾಲದೆ ಬಿಟ್ಟದ್ದನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಅಂಗನವಾಡಿ ಟೀಚರ್‌ಗಳು, ಆಶಾ ಕಾರ್ಯಕರ್ತೆಯರು, ಅಪ್ಪ ಅಮ್ಮಂದಿರು ಬಂದಿದ್ದೀರಿ. ಅಜ್ಜಿಯಂದಿರೂ ಇಷ್ಟು ಜನ ಬಂದದ್ದು ನೋಡಿ ನನಗೆ ತುಂಬಾ ಖುಷಿಯಾಯಿತು. ಯಾಕೆ ಅಂತ ಸ್ವಲ್ಪ ಹೊತ್ತಿನಲ್ಲೇ ಹೇಳುತ್ತೇನೆ.

ನಾನು ಮಕ್ಕಳ ಡಾಕ್ಟರ್. ಕೇರಳ-ಕರ್ನಾಟಕ ಗಡಿಯ ಆಚೆಗೂ ಈಚೆಗೂ, ಬೇರೆ ಬೇರೆ ಆಸ್ಪತ್ರೆಗಳ ಕ್ಯಾಶುವಾಲ್ಟಿಯಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕ್ಯಾಶುವಾಲ್ಟಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಗುಣವಾಗಿ ಮನೆಗೆ ಹೋಗುತ್ತಾರೆ. 2020ರ ಸರಕಾರಿ ಲೆಕ್ಕದಲ್ಲಿ, ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಂಡವರು ಇಡೀ ದೇಶದಲ್ಲಿ 28, ಕೇರಳದಲ್ಲಿ 6. ಇದು ಸಣ್ಣ ಸಾಧನೆ ಅಲ್ಲ. ಆದರೆ ಒಳಗೆ ನಿಂತು ನೋಡುವ ನನಗೆ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ಮಗು ಉಳಿಯುವುದು, ಉಳಿದರೂ ಮೊದಲಿನ ಹಾಗೆ ಆಗುವುದು, ಇದು ಎಷ್ಟೋ ಸಲ ನಮ್ಮ ಬಾಗಿಲು ತಲುಪುವ ಮೊದಲೇ ತೀರ್ಮಾನ ಆಗಿರುತ್ತದೆ. ನಿಮ್ಮ ಮನೆಯ ಚಾವಡಿಯಲ್ಲಿ. ಅಥವಾ ದಾರಿಯಲ್ಲಿ, ರಿಕ್ಷಾದೊಳಗೆ.

ಇನ್ನು ಅಜ್ಜಿಯಂದಿರ ವಿಷಯ.

ಕೆಲವು ವರ್ಷಗಳ ಹಿಂದೆ ಆಟಿ ತಿಂಗಳ ಒಂದು ರಾತ್ರಿ. ಹೊರಗೆ ಜಡಿಮಳೆ. ಒಂಬತ್ತು ತಿಂಗಳ ಮಗುವನ್ನು ಜೀಪಿನಲ್ಲಿ ತಂದರು. ಎರಡು ದಿನದಿಂದ ಜ್ವರ. ಡ್ಯೂಟಿಯಲ್ಲಿದ್ದ ಜೂನಿಯರ್ ಡಾಕ್ಟರ್ ದೂರದ ಜಿಲ್ಲೆಯವರು, ಮಲಯಾಳಂ ಬಿಟ್ಟರೆ ಇಂಗ್ಲಿಷ್. ಅವರು "ಪನಿ ಎತ್ರ ದಿವಸಮಾಯಿ?", ಜ್ವರ ಎಷ್ಟು ದಿನ ಆಯಿತು ಅಂತ ಕೇಳಿದರು. ಅಮ್ಮ "ಎರಡು ದಿನ" ಅಂದರು. "ಛರ್ದಿ ಉಂಡೋ?", ವಾಂತಿ ಉಂಟಾ ಅಂತ. ಅಮ್ಮ ಗಾಬರಿಯಲ್ಲಿ ತಲೆ ಆಡಿಸಿದರು. ಹೌದೋ ಅಲ್ಲವೋ, ಯಾರಿಗೂ ಗೊತ್ತಾಗಲಿಲ್ಲ. ಥರ್ಮಾಮೀಟರ್ 100.6 ತೋರಿಸುತ್ತಿತ್ತು. ದೊಡ್ಡ ಜ್ವರ ಏನೂ ಅಲ್ಲ. ಪಕ್ಕದ ಬೆಂಚಿನಲ್ಲಿ ಅದಕ್ಕಿಂತ ಜಾಸ್ತಿ ಜ್ವರ ಇದ್ದ, ಆಸ್ಪತ್ರೆ ಹಾರಿಹೋಗುವ ಹಾಗೆ ಅಳುವ ಎರಡು ಮಕ್ಕಳಿದ್ದರು. ಈ ಮಗು ಅಳುತ್ತಲೇ ಇರಲಿಲ್ಲ. ಸುಮ್ನೆ ಇತ್ತು.

ಹಿಂದೆ ನಿಂತಿದ್ದ ಅಜ್ಜಿ ನನ್ನ ಕೈ ಹಿಡಿದು ಹೇಳಿದರು, "ಡಾಕ್ಟ್ರೇ, ಮಗು ನನ್ನ ಮೋರೆ ನೋಡುದಿಲ್ಲ."

ನಾನು ಬಗ್ಗಿ ನೋಡಿದೆ. ಕಣ್ಣು ತೆರೆದಿತ್ತು. ಆದರೆ ದೃಷ್ಟಿ ಅಜ್ಜಿಯನ್ನು ದಾಟಿ ಎಲ್ಲೋ ಗೋಡೆಯ ಮೇಲೆ ಇತ್ತು. ನೆತ್ತಿಯ ಮೆತ್ತಗಿನ ಜಾಗಕ್ಕೆ ಬೆರಳಿಟ್ಟೆ. ಉಬ್ಬಿ ಬಿಗಿಯಾಗಿತ್ತು. ಮಿದುಳಿನ ಪೊರೆಗೆ ಸೋಂಕು, ಮೆನಿಂಜೈಟಿಸ್. ಮಗು ಬಂದು ಒಂದು ಗಂಟೆ ಆಗುವ ಮೊದಲೇ ಆಂಟಿಬಯೋಟಿಕ್ ರಕ್ತಕ್ಕೆ ಇಳಿಯಿತು. ಎರಡು ವಾರ ಆಸ್ಪತ್ರೆಯಲ್ಲಿತ್ತು. ಈ ಕಾಯಿಲೆ ವಾಸಿಯಾದ ಮೇಲೆ ಕಿವಿ ಪರೀಕ್ಷೆ ಮಾಡಲೇಬೇಕು, ಕೇಳುವ ಶಕ್ತಿ ಹೋಗುವುದುಂಟು. ಮಾಡಿದೆವು. ಒಂದು ಕಿವಿ ಸ್ವಲ್ಪ ಮಂದ ಆಗಿತ್ತು, ಇನ್ನೊಂದು ಚೆನ್ನಾಗಿತ್ತು. ಈಗ ಆ ಮಗು ಶಾಲೆಗೆ ಹೋಗುತ್ತಿದೆ. ಟೀಚರ್ ಮುಂದಿನ ಬೆಂಚಿನಲ್ಲಿ ಕೂರಿಸುತ್ತಾರೆ, ಅಷ್ಟೇ.

ಅಜ್ಜಿಗೆ ಮೆನಿಂಜೈಟಿಸ್ ಅನ್ನುವ ಹೆಸರು ಗೊತ್ತಿರಲಿಲ್ಲ. ಆದರೆ ಒಂಬತ್ತು ತಿಂಗಳು ಆ ಮಗು ಹೇಗೆ ನೋಡುತ್ತಿತ್ತು ಅನ್ನುವುದು ಗೊತ್ತಿತ್ತು. ನನಗೆ ಅದು ಗೊತ್ತಿರಲು ಸಾಧ್ಯವೇ ಇಲ್ಲ, ಅಲ್ವಾ? ನಾನು ಆ ಮಗುವನ್ನು ನೋಡಿದ್ದೇ ಆಗ. ಹಾಗಾಗಿ ಭಾಷೆ ಬರುವುದಿಲ್ಲ ಅಂತ ಸುಮ್ಮನಿರಬೇಡಿ. ಕನ್ನಡದಲ್ಲೇ ಹೇಳಿ, ತುಳುವಿನಲ್ಲಿ ಹೇಳಿ. ನಮ್ಮ ಊರಿನ ಆಸ್ಪತ್ರೆಗಳಲ್ಲಿ ಅರ್ಥ ಮಾಡಿಕೊಳ್ಳುವ ಒಬ್ಬ ಸಿಸ್ಟರ್, ಒಬ್ಬ ಅಟೆಂಡರ್ ಇದ್ದೇ ಇರುತ್ತಾರೆ, ಅವರನ್ನು ಕರೆಯಿರಿ. "ಜ್ವರ ಎಷ್ಟು" ಅನ್ನುವುದನ್ನು ನಾವು ಅಳೆಯುತ್ತೇವೆ. "ಇವತ್ತು ಮಗು ಯಾವಾಗಿನ ಹಾಗೆ ಇಲ್ಲ" ಅನ್ನುವುದನ್ನು ನೀವೇ ಹೇಳಬೇಕು.

ಮಗುವನ್ನು ಒಳಗೆ ತರುವಾಗ, ಮುಟ್ಟುವ ಮೊದಲೇ ನಾವು ಮೂರು ವಿಷಯ ನೋಡುತ್ತೇವೆ. ಅರ್ಧ ನಿಮಿಷದ ಕೆಲಸ, ಸ್ಟೆತಸ್ಕೋಪ್ ಬೇಡ. ನೀವೂ ಮಾಡಬಹುದು. ಮಗು ಮುಖ ನೋಡುತ್ತದಾ, ಆಟಿಕೆಗೆ ಕೈ ಚಾಚುತ್ತದಾ, ಎತ್ತಿಕೊಂಡರೆ ಸಮಾಧಾನ ಆಗುತ್ತದಾ? ಉಸಿರಾಡಲು ಕಷ್ಟಪಡುತ್ತದಾ? ಮೈ ಬಣ್ಣ ಹೇಗಿದೆ, ಬಿಳುಚಿದೆಯಾ, ತುಟಿ ನೀಲಿಯಾ, ಕೈಕಾಲು ತಣ್ಣಗೆ ಇದೆಯಾ? ಅಳುವ ಮಗುವಿಗೆ ಉಸಿರು ಉಂಟು, ಶಕ್ತಿ ಉಂಟು. ಅಳಬೇಕಾದಲ್ಲಿ ಅಳದೆ ಬಿದ್ದುಕೊಂಡಿರುವ ಮಗುವಿನ ಕಡೆ ನಾನು ಓಡುತ್ತೇನೆ. ಇನ್ನೊಂದು, ಮೂರು ತಿಂಗಳು ತುಂಬದ ಕೂಸಿಗೆ ಜ್ವರ 100.4 ಅಥವಾ ಜಾಸ್ತಿ ಇದ್ದರೆ ಮನೆಯಲ್ಲಿ ನೋಡುವಾ ಅಂತ ಕೂರಬೇಡಿ. ಕೂಸು ಚೆನ್ನಾಗಿ ಕಂಡರೂ ಸರಿ, ಕರೆತನ್ನಿ.

ಮೆನಿಂಜೈಟಿಸ್ ಬಗ್ಗೆ ಒಂದು ಮಾತು ಸೇರಿಸಬೇಕು. ಮಕ್ಕಳಲ್ಲಿ ಅದಕ್ಕೆ ದೊಡ್ಡ ಕಾರಣವಾಗಿದ್ದ ಹಿಬ್ ಅನ್ನುವ ರೋಗಾಣುವಿಗೆ ಲಸಿಕೆ ಇದೆ. ಆರು, ಹತ್ತು, ಹದಿನಾಲ್ಕು ವಾರಕ್ಕೆ ತೊಡೆಗೆ ಕೊಡುವ ಪೆಂಟಾವೇಲೆಂಟ್ ಇಂಜೆಕ್ಷನ್‌ನಲ್ಲಿ ಅದು ಸೇರಿದೆ. ಸರಕಾರಿ ಕಾರ್ಯಕ್ರಮದಲ್ಲಿ ದೇಶದಲ್ಲೇ ಮೊದಲು ಅದನ್ನು ಕೊಡಲು ಶುರು ಮಾಡಿದ್ದು ಕೇರಳ ಮತ್ತು ತಮಿಳುನಾಡು, 2011ರ ಡಿಸೆಂಬರ್‌ನಲ್ಲಿ. ಇಂಜೆಕ್ಷನ್ ಕೊಟ್ಟ ದಿನ ಜ್ವರ ಬರುತ್ತದೆ, ಮಗು ಕಿರಿಕಿರಿ ಮಾಡುತ್ತದೆ ಅಂತ ತಪ್ಪಿಸುವವರು ಈಗಲೂ ಇದ್ದಾರೆ. ದಯವಿಟ್ಟು ತಪ್ಪಿಸಬೇಡಿ.

ಈಗ ಫಿಟ್ಸ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಕ್ಯಾಶುವಾಲ್ಟಿ ಬಾಗಿಲಲ್ಲಿ ನಾನು ಕಂಡ ಅತಿ ದೊಡ್ಡ ಗಾಬರಿ ಇದೇ.

ಆರು ತಿಂಗಳಿಂದ ಐದು ವರ್ಷದ ಒಳಗಿನ ಮಕ್ಕಳಿಗೆ ಜ್ವರ ಏರುವಾಗ ಫಿಟ್ಸ್ ಬರುವುದುಂಟು. ನೂರರಲ್ಲಿ ಎರಡರಿಂದ ಐದು ಮಕ್ಕಳಿಗೆ ಒಂದು ಸಲವಾದರೂ ಬರುತ್ತದೆ. ಅಂದರೆ ಈ ಹಾಲ್‌ನಲ್ಲೇ ಕೆಲವರು ಅದನ್ನು ಕಂಡಿರುತ್ತೀರಿ. ಕಣ್ಣು ಮೇಲೆ ಹೋಗುತ್ತದೆ, ಕೈಕಾಲು ಸೆಟೆದು ಅದುರುತ್ತದೆ, ಬಾಯಲ್ಲಿ ನೊರೆ. ನೋಡುವ ಅಮ್ಮನಿಗೆ ಮಗು ಸತ್ತೇ ಹೋಯಿತು ಅನ್ನಿಸುತ್ತದೆ. ಹಾಗೆ ಅನ್ನಿಸಿದ್ದು ತಪ್ಪಲ್ಲ. ಆದರೆ ಹೆಚ್ಚಿನ ಸಲ ಅದು ಐದು ನಿಮಿಷದೊಳಗೆ ತಾನಾಗಿ ನಿಲ್ಲುತ್ತದೆ. ನಮ್ಮಲ್ಲಿಗೆ ತಲುಪುವಾಗ ಮಗು ಅಮ್ಮನ ಹೆಗಲ ಮೇಲೆ ನಿದ್ದೆಯಲ್ಲಿರುತ್ತದೆ. ಇಂಥ ಮಕ್ಕಳಲ್ಲಿ ಮೂರರಲ್ಲಿ ಒಂದಕ್ಕೆ ಇನ್ನೊಂದು ಜ್ವರಕ್ಕೆ ಮತ್ತೆ ಬರಬಹುದು. ಸಾಮಾನ್ಯ ಜ್ವರದ ಫಿಟ್ಸ್‌ನಿಂದ ಬುದ್ಧಿ ಮಂದ ಆಗುವುದಿಲ್ಲ, ಓದು ಹಾಳಾಗುವುದಿಲ್ಲ. ಮುಂದೆ ಅಪಸ್ಮಾರ ಅಂಟಿಕೊಳ್ಳುವುದು ನೂರರಲ್ಲಿ ಒಬ್ಬಿಬ್ಬರಿಗೆ ಮಾತ್ರ.

ಹಾನಿ ಆಗುವುದು ಬೇರೆ ಕಡೆ. ಒಂದು ಸಲ ಎರಡು ವರ್ಷದ ಹುಡುಗನನ್ನು ತಂದಾಗ ಫಿಟ್ಸ್ ಯಾವಾಗಲೋ ನಿಂತಿತ್ತು. ಆದರೆ ಬಾಯಿ ತುಂಬಾ ರಕ್ತ. ಹಲ್ಲು ಕಚ್ಚಿಕೊಂಡಿತ್ತು ಅಂತ ಸ್ಟೀಲ್ ಚಮಚದ ಹಿಡಿಯನ್ನು ಹಲ್ಲಿನ ನಡುವೆ ತೂರಿಸಿ ತಿರುಗಿಸಿದ್ದರು. ಮುಂದಿನ ಎರಡು ಹಾಲು ಹಲ್ಲು ಮುರಿದಿತ್ತು. ಒಂದು ತುಂಡು ಎಲ್ಲಿ ಹೋಯಿತು ಅಂತ ಎದೆಯ ಎಕ್ಸ್‌ರೇ ತೆಗೆದು ಹುಡುಕಬೇಕಾಯಿತು. ಅದೃಷ್ಟಕ್ಕೆ ಶ್ವಾಸಕೋಶಕ್ಕೆ ಹೋಗಿರಲಿಲ್ಲ. ಅಪ್ಪ ಚಮಚವನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರು, ಬಿಡಲು ಮರೆತಿದ್ದರು. ಆ ಚಮಚದ ಹಿಡಿ ಬಾಗಿತ್ತು. ಮಗುವಿನ ಮೇಲಿನ ಪ್ರೀತಿಯಿಂದಲೇ ಅವರು ಅದನ್ನು ಮಾಡಿದ್ದು. ಹೀಗೆ ಮಾಡಬಾರದು ಅಂತ ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ, ಅದೇ ನನಗೆ ಬೇಜಾರು.

ನಾಲಗೆ ನುಂಗಿಕೊಳ್ಳುವುದು ಅಂತ ಒಂದಿಲ್ಲ. ಬಾಯಿಗೆ ಏನೂ ಹಾಕಬೇಡಿ. ಚಮಚ ಬೇಡ, ಬೆರಳು ಬೇಡ, ನೀರು ಬೇಡ. ಕೈಗೆ ಬೀಗದ ಕೀ ಕೊಟ್ಟರೆ ನಿಲ್ಲುವುದಿಲ್ಲ. ಅದು ತಾನಾಗಿ ನಿಲ್ಲುವ ಹೊತ್ತಿಗೆ ನೀವು ಕೀ ಕೊಟ್ಟಿರುತ್ತೀರಿ, ಅಷ್ಟೇ. ಮಗುವನ್ನು ಚಾಪೆಯ ಮೇಲೆ ಒಂದು ಬದಿಗೆ ತಿರುಗಿಸಿ ಮಲಗಿಸಿ. ನೊರೆ, ವಾಂತಿ ಹೊರಗೆ ಹೋಗಲಿ. ಕುತ್ತಿಗೆಯ ಗುಂಡಿ ಬಿಚ್ಚಿ. ಗಟ್ಟಿಯಾಗಿ ಹಿಡಿದು ಒತ್ತಬೇಡಿ. ಆಮೇಲೆ ಮೊಬೈಲ್‌ನಲ್ಲಿ ಗಂಟೆ ನೋಡಿ. ಆಗ ಒಂದು ನಿಮಿಷವೂ ಅರ್ಧ ಗಂಟೆ ಅನ್ನಿಸುತ್ತದೆ, ಹಾಗಾಗಿ ನೋಡಿಯೇ ತಿಳಿಯಬೇಕು. ಆಗುವುದಾದರೆ ಯಾರಾದರೂ ವೀಡಿಯೋ ಮಾಡಲಿ, ಡಾಕ್ಟರಿಗೆ ಅದರಷ್ಟು ಸಹಾಯ ಇನ್ನೊಂದಿಲ್ಲ. ಮೊದಲ ಸಲ ಬಂದ ಫಿಟ್ಸ್ ಆದರೆ, ನಿಂತರೂ ಅದೇ ದಿನ ಡಾಕ್ಟರಿಗೆ ತೋರಿಸಿ. ಐದು ನಿಮಿಷ ದಾಟಿದರೆ, ಒಂದು ನಿಂತು ಎಚ್ಚರ ಬರುವ ಮೊದಲೇ ಇನ್ನೊಂದು ಬಂದರೆ, ಹೊರಡಿ.

ಹೊರಡಿ ಅಂದೆ. ಎಲ್ಲಿಗೆ? ನಾನು ಇವತ್ತು ಇಲ್ಲಿಗೆ ಬಂದದ್ದೇ ಇದನ್ನು ಹೇಳಲಿಕ್ಕೆ.

ನಮ್ಮ ಜನಕ್ಕೆ ದೊಡ್ಡ ಕಾಯಿಲೆ ಅಂದರೆ ಮಂಗಳೂರು. ಇದಕ್ಕೆ ಕಾರಣ ಉಂಟು. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರುವವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು, ಮಂಗಳೂರೇ ನಮ್ಮ ಜಿಲ್ಲಾ ಕೇಂದ್ರ. ಅಲ್ಲಿಯ ವೆನ್ಲಾಕ್ ಆಸ್ಪತ್ರೆ ಶುರುವಾದದ್ದು 1848ರಲ್ಲಿ. ನಮ್ಮ ಅಜ್ಜ ಪಿಜ್ಜಂದಿರು ಅಲ್ಲಿಗೇ ಹೋದರು. ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ನಮ್ಮ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರ ನವೆಂಬರ್‌ನಲ್ಲಿ. ನಡುವೆ ಎಷ್ಟು ವರ್ಷ ಕಳೆಯಿತು ಅಂತ ನೀವೇ ಲೆಕ್ಕ ಹಾಕಿ. ಹಾಗಾಗಿ ಮಂಗಳೂರಿಗೆ ಓಡುವುದು ನಮ್ಮ ರಕ್ತದಲ್ಲೇ ಸೇರಿಹೋಗಿದೆ. 2020ರ ಮಾರ್ಚ್‌ನಲ್ಲಿ ಕೊರೋನಾ ಅಂತ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ನಾವು ಪಟ್ಟ ಪಾಡು ನಿಮಗೆ ಗೊತ್ತು. ಆಂಬ್ಯುಲೆನ್ಸ್‌ಗಳು ಗಡಿಯಲ್ಲೇ ನಿಂತವು. ರೋಗಿಗಳು ತೀರಿಕೊಂಡರು. ವಿಷಯ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು.

ಮಂಗಳೂರಿಗೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಮಕ್ಕಳ ಐಸಿಯು ಬೇಕಾದರೆ ಹೋಗಲೇಬೇಕು, ನಾನೇ ಎಷ್ಟೋ ಮಕ್ಕಳನ್ನು ಕಳಿಸಿದ್ದೇನೆ. ನಾನು ಹೇಳುವುದು, ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು ಐವತ್ತು ಕಿಲೋಮೀಟರ್. ಒಳಗಿನ ಊರುಗಳಿಂದ ಇನ್ನೂ ಜಾಸ್ತಿ. ಅದುರುತ್ತಿರುವ ಮಗುವನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ದಾರಿಯಲ್ಲಿ ಸಿಗುವ ಮೂರು ಆಸ್ಪತ್ರೆಗಳ ಬೋರ್ಡ್ ದಾಟಿ, ಒಂದೂವರೆ ಗಂಟೆ ಓಡಿಸಿಕೊಂಡು ಹೋದರೆ ಆ ಹೊತ್ತಿಡೀ ಮಿದುಳಿಗೆ ಆಮ್ಲಜನಕ ಕಡಿಮೆ. ಫಿಟ್ಸ್ ಜಾಸ್ತಿ ಹೊತ್ತು ನಡೆದಷ್ಟೂ ಅದನ್ನು ನಿಲ್ಲಿಸುವುದು ಕಷ್ಟ. ಅದೇ ಮಗುವಿಗೆ ಹತ್ತಿರದ ಆಸ್ಪತ್ರೆಯಲ್ಲಿ ಫಿಟ್ಸ್ ನಿಲ್ಲಿಸುವ ಮಿಡಾಜೋಲಾಮ್ ಸ್ಪ್ರೇ ಮೂಗಿಗೆ ಹೊಡೆದು, ಆಕ್ಸಿಜನ್ ಹಾಕಿ, ಬೆರಳು ಚುಚ್ಚಿ ಶುಗರ್ ನೋಡಿದರೆ ಹತ್ತು ನಿಮಿಷದಲ್ಲಿ ಹೆಚ್ಚಿನದು ಹತೋಟಿಗೆ ಬರುತ್ತದೆ. ಆಮೇಲೆ ಆಂಬ್ಯುಲೆನ್ಸ್‌ನಲ್ಲಿ, ಫೋನ್ ಮಾಡಿ ಹೇಳಿಸಿ, ಎಲ್ಲಿಗೆ ಬೇಕಾದರೂ ಹೋಗಿ. ಸಣ್ಣ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರ್ ಇಲ್ಲದೆ ಇರಬಹುದು. ಆದರೆ ಆಕ್ಸಿಜನ್ ಉಂಟು, ಡ್ರಿಪ್ ಉಂಟು, ಅದನ್ನು ಹಾಕುವ ಕೈ ಉಂಟು. 108ಕ್ಕೆ ಫೋನ್ ಮಾಡಿದರೆ ಅವರೂ ಹತ್ತಿರದ ಆಸ್ಪತ್ರೆಗೇ ಕರೆದುಕೊಂಡು ಹೋಗುತ್ತಾರೆ, ಆಗ ಜಗಳ ಮಾಡಬೇಡಿ.

ಇಲ್ಲಿ ನನ್ನ ಮನಸ್ಸಿನಲ್ಲಿ ಕೂತಿರುವ ಒಂದು ಹುಡುಗಿಯ ವಿಷಯ ಹೇಳಬೇಕು. ಇದರಲ್ಲಿ ತಪ್ಪು ಅಪ್ಪ ಅಮ್ಮನದ್ದಲ್ಲ. ನನ್ನದು.

ನಾನು ಕೆಲಸಕ್ಕೆ ಸೇರಿದ ಹೊಸತು. ಎಂಟು ವರ್ಷದ ಹುಡುಗಿ, ಮೂರು ದಿನದ ಜ್ವರ, ತಲೆನೋವು, ಮೈಕೈನೋವು. ಮಳೆಗಾಲ, ಡೆಂಗ್ಯೂ ಇದ್ದ ಸಮಯ. ರಕ್ತ ಪರೀಕ್ಷೆ ಮಾಡಿದೆವು, ಅಂಥ ಭಯ ಪಡುವಂಥದ್ದು ಏನೂ ಇರಲಿಲ್ಲ. ಪ್ಯಾರಾಸಿಟಮಾಲ್ ಬರೆದು, ನೀರು ಕುಡಿಸಿ ಅಂದೆ. ಹೊರಡುವಾಗ ಅವಳ ಅಪ್ಪ ಕೇಳಿದರು, "ಮತ್ತೆ ಯಾವಾಗ ಬರಬೇಕು?" ಸಾಲು ಉದ್ದ ಇತ್ತು. ನಾನು ಹೇಳಿದೆ, "ಜ್ವರ ಬಿಡದಿದ್ದರೆ ಬನ್ನಿ."

ಜ್ವರ ಬಿಟ್ಟಿತು. ಅದಕ್ಕೇ ಅವರು ಬರಲಿಲ್ಲ.

ಐದನೇ ದಿನ ಬೆಳಿಗ್ಗೆ ಮೈ ತಣ್ಣಗಾಯಿತು. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಹೊಟ್ಟೆನೋವು ಅಂದಳು, ಹಸಿವಿಗೆ ಇರಬೇಕು ಅಂತ ಗಂಜಿ ಕೊಟ್ಟರು. ಎರಡು ಸಲ ವಾಂತಿ ಮಾಡಿದಳು. ಆಮೇಲೆ ಮಲಗಿದಳು. ನಾಲ್ಕು ದಿನ ನಿದ್ದೆ ಇರಲಿಲ್ಲವಲ್ಲ, ಮಲಗಲಿ ಅಂತ ಬಿಟ್ಟರು. ಸಂಜೆ ಎಬ್ಬಿಸಲು ಹೋದಾಗ ಕೈಕಾಲು ಮಂಜಿನ ಹಾಗೆ ಇತ್ತು. ನಮ್ಮಲ್ಲಿಗೆ ತಂದಾಗ ಬಿಪಿ ಸಿಗುತ್ತಿರಲಿಲ್ಲ. ರಾತ್ರಿಯಿಡೀ ಹೋರಾಡಿದೆವು. ಬೆಳಗಿನ ಜಾವ ಹೋದಳು.

ಡೆಂಗ್ಯೂ ಅಪಾಯಕ್ಕೆ ತಿರುಗುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೇ. ಮೂರರಿಂದ ಏಳನೇ ದಿನದ ನಡುವೆ ಒಂದೆರಡು ದಿನ ರಕ್ತನಾಳಗಳು ಸೋರುತ್ತವೆ. ರಕ್ತದ ನೀರಿನ ಅಂಶ ಹೊಟ್ಟೆಗೆ, ಎದೆಗೂಡಿಗೆ ಇಳಿಯುತ್ತದೆ. ಸರಿಯಾದ ಹೊತ್ತಿಗೆ ಡ್ರಿಪ್ ಅಳತೆ ಮಾಡಿ ಕೊಟ್ಟರೆ ಬಹುತೇಕ ಎಲ್ಲ ಮಕ್ಕಳೂ ಉಳಿಯುತ್ತಾರೆ. ಇದು ನನಗೆ ಪುಸ್ತಕದಲ್ಲಿ ಗೊತ್ತಿತ್ತು. ಹೇಳಬೇಕಾದವರಿಗೆ ಹೇಳಲಿಲ್ಲ. ಅಂದಿನಿಂದ ಇಂದಿನವರೆಗೆ ಜ್ವರದ ಮಗುವನ್ನು ಮನೆಗೆ ಕಳಿಸುವಾಗ ನಾನು ಬಾಗಿಲವರೆಗೆ ಹೋಗಿ ಹೇಳುತ್ತೇನೆ. ಜ್ವರ ಬಿಟ್ಟ ಮೇಲೆ ಮಗು ಆಟಕ್ಕೆ ಇಳಿಯಬೇಕು. ಜ್ವರ ಬಿಟ್ಟು ಹೊಟ್ಟೆನೋವು ಬಂದರೆ, ವಾಂತಿ ನಿಲ್ಲದಿದ್ದರೆ, ವಸಡಿನಲ್ಲಿ ಮೂಗಿನಲ್ಲಿ ರಕ್ತ ಬಂದರೆ, ಕೈಕಾಲು ತಣ್ಣಗಾದರೆ, ಆರು ಗಂಟೆ ಮೂತ್ರ ಹೋಗದಿದ್ದರೆ, ಮಂಪರಾದರೆ, ಆ ಕೂಡಲೇ ತನ್ನಿ. ಇಂಥ ಜ್ವರಕ್ಕೆ ಐಬುಪ್ರೊಫೇನ್, ಆಸ್ಪಿರಿನ್ ಕೊಡಬೇಡಿ. ರಕ್ತ ಸೋರುವುದು ಜಾಸ್ತಿ ಆಗುತ್ತದೆ.

ಪ್ಯಾರಾಸಿಟಮಾಲ್ ಕೊಡುವಾಗಲೂ ಬಾಟಲಿ ಓದಿ. ಮಗುವಿನ ತೂಕದ ಒಂದೊಂದು ಕಿಲೋಗೆ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆಗೆ ಒಮ್ಮೆ. ಕೂಸುಗಳ ಡ್ರಾಪ್ಸ್‌ನಲ್ಲಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಿ ಐದು ಎಂಎಲ್‌ಗೆ 125 ಅಥವಾ 250. ಡ್ರಾಪ್ಸ್ ಅನ್ನು ಸಿರಪ್ ಅಂತ ತಿಳಿದು ಐದು ಎಂಎಲ್ ಕುಡಿಸಿದರೆ ಎಷ್ಟಾಯಿತು ನೋಡಿ, 500. ಸಣ್ಣ ಮಗುವಿನ ಲಿವರ್ ತಡೆಯುವುದಿಲ್ಲ.

ಬೇಧಿ ವಿಷಯಕ್ಕೆ ಬರುತ್ತೇನೆ. 1971ರಲ್ಲಿ ಬಾಂಗ್ಲಾ ಯುದ್ಧದ ಸಮಯ, ಪಶ್ಚಿಮ ಬಂಗಾಳದ ಗಡಿಯ ಬೊನ್‌ಗಾಂವ್‌ನಲ್ಲಿ ನಿರಾಶ್ರಿತರ ಶಿಬಿರ. ಕಾಲರಾ ಬಂದು ಜನ ಸಾಯುತ್ತಿದ್ದರು, ಡ್ರಿಪ್ ಬಾಟಲಿ ಮುಗಿದಿತ್ತು. ದಿಲೀಪ್ ಮಹಾಲನೋಬಿಸ್ ಅನ್ನುವ ಡಾಕ್ಟರ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ನೀರಿನಲ್ಲಿ ಕದಡಿ ಡ್ರಮ್ಮಿನಲ್ಲಿ ತುಂಬಿಸಿ, ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತು ಇದ್ದ ಸಾವು ನಾಲ್ಕಕ್ಕಿಂತ ಕೆಳಗೆ ಬಂತು. ಅವರು 2022ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು. ಅವರು ಕುಡಿಸಿದ್ದರ ಸುಧಾರಿಸಿದ ರೂಪವೇ ಇವತ್ತಿನ ಓಆರ್‌ಎಸ್. ಕರುಳು ಬರೀ ಉಪ್ಪನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಜೊತೆಗೆ ತಕ್ಕ ಅಳತೆಯ ಸಕ್ಕರೆ ಇದ್ದರೆ ಎರಡನ್ನೂ ಎಳೆದುಕೊಳ್ಳುತ್ತದೆ, ಹಿಂದೆಯೇ ನೀರೂ ಹೋಗುತ್ತದೆ. ಎಲ್ಲ ಗುಟ್ಟು ಆ ಅಳತೆಯಲ್ಲಿದೆ.

ಅದಕ್ಕೇ ದೊಡ್ಡ ಪ್ಯಾಕೆಟ್ ಇಡೀ ಒಂದು ಲೀಟರ್ ನೀರಿಗೇ ಹಾಕಬೇಕು. ಒಬ್ಬ ಅಮ್ಮ ನನ್ನ ಮುಂದೆ ಕಾಫಿ ಲೋಟ ಇಟ್ಟು, "ಇದಕ್ಕೆ ಒಂದು ಪ್ಯಾಕೆಟ್ ಹಾಕಿದೆ, ಬೇಗ ಗುಣ ಆಗಲಿ ಅಂತ" ಅಂದರು. ಮಗುವಿನ ರಕ್ತದಲ್ಲಿ ಸೋಡಿಯಂ ಎಷ್ಟು ಏರಿತ್ತೆಂದರೆ ಎರಡು ದಿನ ನಿಧಾನವಾಗಿ ಇಳಿಸಬೇಕಾಯಿತು. ಬೊಂಡ, ಅಂದರೆ ಎಳನೀರು, ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ, ಓಆರ್‌ಎಸ್ ಬದಲಿಗೆ ಬೊಂಡ ಸಾಲದು. ಉಪ್ಪು ಹಾಕಿದ ಗಂಜಿ ತೆಳಿ ಕೊಡಿ. ಅಂಗಡಿಯ ಸಿಹಿ ಜ್ಯೂಸ್ ಪೆಟ್ಟಿಗೆ ಬೇಡ. ಅಂಥ ಪೆಟ್ಟಿಗೆಗಳ ಮೇಲೆ ಓಆರ್‌ಎಸ್ ಅಂತ ಬರೆದು ಮಾರುತ್ತಿದ್ದರು. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಅದರ ವಿರುದ್ಧ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸಬಾರದು ಅಂತ ಆದೇಶ ಮಾಡಿತು. ಬೇಧಿ ನಿಂತ ಮೇಲೂ ಜಿಂಕ್ ಮಾತ್ರೆ ಹದಿನಾಲ್ಕು ದಿನ ಮುಗಿಸಿ.

ಇನ್ನು ನಮ್ಮ ತೋಟದ ಮನೆಗಳು. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಆಸಿಡ್ ಎಲ್ಲಿ ಇಡುತ್ತೀರಿ? ಕೈ ಎತ್ತುವುದು ಬೇಡ, ಮನಸ್ಸಿನಲ್ಲೇ ನೆನಪು ಮಾಡಿಕೊಳ್ಳಿ. ಜ್ಯೂಸ್ ಬಾಟಲಿಯಲ್ಲಿ, ಶೀಟ್ ಒತ್ತುವ ಮೆಷಿನಿನ ಹತ್ತಿರ, ನೆಲದಲ್ಲಿ, ಅಲ್ವಾ? ನಾಲ್ಕು ವರ್ಷದ ಹುಡುಗ ಒಂದು ಗುಟುಕು ಕುಡಿದ. ಒಂದೇ ಗುಟುಕು. ವಾಂತಿ ಮಾಡಿಸಲು ಮನೆಯವರು ಉಪ್ಪು ನೀರು ಕುಡಿಸಿದರು. ಇಳಿಯುವಾಗ ಸುಟ್ಟದ್ದು ಹತ್ತುವಾಗ ಇನ್ನೊಮ್ಮೆ ಸುಟ್ಟಿತು. ಮಗು ಉಳಿಯಿತು. ಆದರೆ ಗಾಯ ಒಣಗುವಾಗ ಅನ್ನನಾಳ ಮುದುಡಿತು. ತಿಂಗಳಿಗೊಮ್ಮೆ ಮಂಗಳೂರಿಗೆ ಕರೆದುಕೊಂಡು ಹೋಗಿ, ಮಂಪರು ಕೊಟ್ಟು, ಟ್ಯೂಬ್ ಹಾಕಿ ಹಿಗ್ಗಿಸಬೇಕು. ಎರಡು ವರ್ಷ ಅವನು ಗಂಜಿ ತೆಳಿಯಲ್ಲೇ ಇದ್ದ. ಅಡಿಕೆಗೆ ಔಷಧಿ ಬಿಡುವ ಮೈಲುತುತ್ತು, ಸೀಮೆಎಣ್ಣೆ, ಇಲಿಪಾಷಾಣ, ಎಲ್ಲವೂ ಇದೇ ಮಾತು. ಕುಡಿಯುವ ಬಾಟಲಿಗೆ ತುಂಬಬೇಡಿ, ಎತ್ತರದಲ್ಲಿಟ್ಟು ಬೀಗ ಹಾಕಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಆ ಬಾಟಲಿಯನ್ನೂ ಹಿಡಿದುಕೊಂಡು ಬನ್ನಿ. ಆಟಿಕೆಯ ಗುಂಡಿ ಬ್ಯಾಟರಿ ನುಂಗಿದರೂ ತಡ ಮಾಡಬೇಡಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯಲ್ಲಿ ಸುಡಲು ಶುರು ಮಾಡುತ್ತದೆ.

ಹಾವಿನ ಬಗ್ಗೆ ಎರಡೇ ಮಾತು. ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವರಿಗೆ ಕಚ್ಚುತ್ತದೆ, ಗಾಯ ಕಾಣುವುದೇ ಕಷ್ಟ. ಬೆಳಿಗ್ಗೆ ಎದ್ದ ಮಗು ಹೊಟ್ಟೆನೋವು ಅಂದು, ಕಣ್ಣು ರೆಪ್ಪೆ ಎತ್ತಲಾಗದೆ ತೂಕಡಿಸಿದರೆ ಹಾವು ಅಂತ ಸಂಶಯ ಪಡಿ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಮಗುವನ್ನು ನಡೆಸಬೇಡಿ. ಮಗು ಸಣ್ಣದು ಅಂತ ವಿಷ ಇಳಿಸುವ ಮದ್ದು ಕಡಿಮೆ ಕೊಡಲಿಕ್ಕಿಲ್ಲ. ದೊಡ್ಡವರಿಗೆ ಎಷ್ಟೋ ಅಷ್ಟೇ ಬೇಕು. ಹಾವು ಬಿಡುವ ವಿಷ ಮೈಯ ಗಾತ್ರ ನೋಡುವುದಿಲ್ಲ.

ಕಾಸರಗೋಡಿನಲ್ಲಿ ಮಕ್ಕಳ ಬಗ್ಗೆ ಮಾತಾಡಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ವಿಷಯ ಬಿಟ್ಟರೆ ಅದು ಅನ್ಯಾಯ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಅದನ್ನು ಸಿಂಪಡಿಸಿದರು, ನಿಂತದ್ದು 2000ದಲ್ಲಿ. ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಬಾಧಿತರಿಗೆ ಐದು ಲಕ್ಷ ಕೊಡಬೇಕು ಅಂದದ್ದು 2017ರ ಜನವರಿಯಲ್ಲಿ. ಎಣ್ಮಕಜೆಯ, ಬೆಳ್ಳೂರಿನ ಆ ಮನೆಗಳಿಂದ ಬರುವ ಅಮ್ಮಂದಿರನ್ನು ನಾನು ದೂರದಿಂದಲೇ ಗುರುತಿಸುತ್ತೇನೆ. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ವರ್ಷ ಪ್ರಕಾರ ಜೋಡಿಸಿದ ಚೀಟಿಗಳು. ಹೆಗಲ ಮೇಲೆ ಹದಿನಾಲ್ಕು ವರ್ಷದ, ಆದರೆ ಐದು ವರ್ಷದವನಷ್ಟೇ ಇರುವ ಮಗ. ಒಮ್ಮೆ ಅಂಥ ಒಬ್ಬ ಅಮ್ಮ ಬಂದು, "ದಿನಾ ಬರುವ ಫಿಟ್ಸ್ ಬಲಗೈಯಿಂದ ಶುರುವಾಗುತ್ತದೆ. ಇವತ್ತು ಎಡದಿಂದ ಶುರುವಾಯಿತು. ಬೇರೆ ಏನೋ ಉಂಟು" ಅಂದರು. ಸ್ಕ್ಯಾನ್ ಮಾಡಿದೆವು. ಬೇರೆಯೇ ಇತ್ತು. ಹಾಸಿಗೆಯಿಂದ ಬಿದ್ದು ತಲೆಯೊಳಗೆ ರಕ್ತಸ್ರಾವ ಆಗಿತ್ತು. ಬಿದ್ದದ್ದನ್ನು ಯಾರೂ ನೋಡಿರಲಿಲ್ಲ. ಆಪರೇಷನ್ ಆಯಿತು, ಮಗ ಬದುಕಿದ. ಗುಣ ಆದ ಅಂತ ನಾವು ಕಾಗದದಲ್ಲಿ ಬರೆದೆವು. ಆ ಅಮ್ಮನಿಗೆ ಗುಣ ಅಂದರೆ ಫಿಟ್ಸ್ ಮತ್ತೆ ಬಲಗೈಯಿಂದ ಶುರುವಾಗುವುದು. ಅವರ ಮುಂದೆ ನಿಂತಾಗ ನನಗೆ ಮಾತು ಬರುವುದಿಲ್ಲ.

ಪ್ರಶ್ನೆ ಇದ್ದರೆ ಕೇಳಿ ಅಂದಾಗ ಎರಡನೇ ಸಾಲಿನಲ್ಲಿದ್ದ ಒಬ್ಬರು ಕೇಳಿದರು, "ಉಸಿರು ಜಾಸ್ತಿ ಉಂಟಾ ಅಂತ ನಮಗೆ ಹೇಗೆ ಗೊತ್ತಾಗುದು? ಕಫ ಯಾವಾಗಲೂ ಇರ್ತದೆ." ಒಳ್ಳೆಯ ಪ್ರಶ್ನೆ. ನ್ಯುಮೋನಿಯಾ ಪತ್ತೆ ಮಾಡಲು ಉಸಿರು ಎಣಿಸುವುದಕ್ಕಿಂತ ಅಗ್ಗದ ದಾರಿ ಇಲ್ಲ. ಒಂದು ನಿಮಿಷ ಪೂರ್ತಿ ಎಣಿಸಬೇಕು. ಎರಡು ತಿಂಗಳ ಒಳಗಿನ ಕೂಸಿಗೆ 60 ಅಥವಾ ಜಾಸ್ತಿ, ಎರಡು ತಿಂಗಳಿಂದ ವರ್ಷದೊಳಗೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷಕ್ಕೆ 40 ಅಥವಾ ಜಾಸ್ತಿ ಇದ್ದರೆ ತೋರಿಸಬೇಕು. ಉಸಿರು ಎಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಕಾಯಲೇಬಾರದು. ಅಳುವಾಗ, ಹಾಲು ಕುಡಿಯುವಾಗ ಎಣಿಸಬೇಡಿ. ನಿದ್ದೆಯಲ್ಲಿ ಎಣಿಸಿ.

ಅವರ ತೊಡೆಯ ಮೇಲೆಯೇ ಒಂದೂವರೆ ವರ್ಷದ ಮಗು ಮಲಗಿತ್ತು. ಕೇಳಿ ಅಂಗಿ ಮೇಲಕ್ಕೆ ಎತ್ತಿದೆ. ಹೊಟ್ಟೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಅಂಗನವಾಡಿ ಟೀಚರ್ ಮೊಬೈಲ್‌ನಲ್ಲಿ ಗಂಟೆ ಹಿಡಿದರು. ಫ್ಯಾನ್ ಆಫ್ ಮಾಡಿಸಿದೆವು. ಸುತ್ತ ನಿಂತವರೆಲ್ಲ ಪಿಸುಮಾತಿನಲ್ಲಿ ಎಣಿಸತೊಡಗಿದರು, ಕನ್ನಡದಲ್ಲಿ ಕೆಲವರು, ತುಳುವಿನಲ್ಲಿ ಕೆಲವರು, ಮಲಯಾಳಂನಲ್ಲಿ ಇಬ್ಬರು. ನಿಮಿಷ ಮುಗಿಯುವಾಗ ಒಬ್ಬರಿಗೆ 27 ಬಂತು, ಉಳಿದವರಿಗೆ 28.